ನಿಗದಿತ ಕಾರ್ಯಗಳೂ ಅವುಗಳ ಅಧಿಕಾರವೂ : ಒಂದು ವಿಮರ್ಶೆ

ಗಣಕಯಂತ್ರಕ್ಕೆ ಒಂದು ಕೆಲಸವನ್ನು ಒಪ್ಪಿಸಿ, ಇಂಥ ದಿನ ಇಂಥ ವೇಳೆಗೆ ಅದು ತಾನಾಗಿಯೇ ನಡೆಯತಕ್ಕದ್ದೆಂದು ಗೊತ್ತುಮಾಡಿ ಮನೆಗೆ ಹೋಗುವ ಪದ್ಧತಿ ಇಂದು ಕಚೇರಿಗಳಲ್ಲಿ ರೂಢವಾಗಿದೆ. ಹೀಗೆ ಗೊತ್ತುಮಾಡುವ ಹಕ್ಕು ಯಾರಿಗಿರಬೇಕೆಂಬ ಪ್ರಶ್ನೆಗೆ ತಂತ್ರಾಂಶಗಳ ರಚನಕಾರರು ಕೊಟ್ಟಿರುವ ಉತ್ತರಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಪ್ರಶ್ನೆಯನ್ನು ಅವರು ಅರ್ಧಕ್ಕೇ ನಿಲ್ಲಿಸಿದ್ದಾರೆಂಬುದು ನಮ್ಮ ಆಕ್ಷೇಪ.

ಮೊದಲು ಯೂನಿಕ್ಸ್ ವ್ಯವಸ್ಥೆಯ ‘ಕ್ರಾನ್’ ಎಂಬುದನ್ನು ತೆಗೆದುಕೊಳ್ಳೋಣ. ೧೯೭೯ರ ಏಳನೆಯ ಆವೃತ್ತಿಯಲ್ಲಿ ಇಡೀ ಯಂತ್ರಕ್ಕೆ ಒಂದೇ ವೇಳಾಪಟ್ಟಿ ಇದ್ದಿತು. ಮುಂದೆ ಪ್ರತಿಯೊಬ್ಬ ಬಳಕೆದಾರನಿಗೂ ಸ್ವಂತ ಪಟ್ಟಿ ದೊರೆತಾಗ, ಅವರನ್ನು ಹತೋಟಿಯಲ್ಲಿಡಲು ‘ಕ್ರಾನ್.ಅಲೌ’, ‘ಕ್ರಾನ್.ಡಿನೈ’ ಎಂಬ ಎರಡು ಕಡತಗಳು ಬಂದುವು. ಮೊದಲನೆಯದು ಇದ್ದರೆ ಅದರಲ್ಲಿ ಹೆಸರಿರುವವರಿಗೆ ಮಾತ್ರ ಪ್ರವೇಶ. ಅದಿಲ್ಲದೆ ಎರಡನೆಯದು ಮಾತ್ರ ಇದ್ದರೆ, ಅದರಲ್ಲಿ ಹೆಸರಿರುವವರನ್ನುಳಿದು ಎಲ್ಲರಿಗೂ ಪ್ರವೇಶ. ಎರಡೂ ಇಲ್ಲದಿದ್ದರೆ? ಪಾಲ್ ವಿಕ್ಸಿಯವರು ೧೯೮೭ರಲ್ಲಿ ಹೊರತಂದ ಕ್ರಾನಿನಲ್ಲಿ ಇದು ಆಯಾ ಸ್ಥಳದ ಏರ್ಪಾಡಿಗೆ ಬಿಟ್ಟ ವಿಷಯ : ಕೆಲವೆಡೆ ಮೇಲ್ವಿಚಾರಕನಿಗೆ ಮಾತ್ರ, ಡೆಬಿಯನ್ನಿನಲ್ಲಿ ಸರ್ವರಿಗೂ. ಒಂದೇ ಮೌನಕ್ಕೆ ಎರಡು ವಿರುದ್ಧಾರ್ಥಗಳು!

ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ೧೯೭೫ರ ತಮ್ಮ ಪ್ರಸಿದ್ಧ ಲೇಖನದಲ್ಲಿ ರಕ್ಷಣೆಯ ಎಂಟು ತತ್ತ್ವಗಳನ್ನು ನಿರೂಪಿಸಿದ್ದಾರೆ. ಅನುಮತಿ ಇದ್ದವನಿಗೆ ಮಾತ್ರ ಪ್ರವೇಶವಿರಬೇಕು, ನಿಷೇಧವಿಲ್ಲವೆಂಬುದೇ ಅನುಮತಿಯಾಗಬಾರದು ಎಂಬುದು ಅವುಗಳಲ್ಲೊಂದು. ಎರಡನೆಯ ಕಡತ ಇದಕ್ಕೆ ನೇರವಾಗಿ ವಿರುದ್ಧ. ಪ್ರತಿಯೊಂದು ಪ್ರವೇಶವನ್ನೂ ಆಯಾ ಸಲವೇ ಪರೀಕ್ಷಿಸಬೇಕೆಂಬುದು ಇನ್ನೊಂದು. ಇಲ್ಲಿ ಆಗಿರುವ ಭಂಗ ಹೆಚ್ಚು ಸೂಕ್ಷ್ಮವಾದುದು. ವಿಕ್ಸಿ ಕ್ರಾನಿನಲ್ಲಿ ಈ ಕಡತಗಳನ್ನು ನೋಡುವುದು ವೇಳಾಪಟ್ಟಿಯನ್ನು ತಿದ್ದುವ ‘ಕ್ರಾನ್‌ಟ್ಯಾಬ್’ ಆಜ್ಞೆ ಮಾತ್ರ. ಹೊತ್ತು ಬಂದಾಗ ಕೆಲಸವನ್ನು ನಡೆಸುವ ಕಾರ್ಯಕ್ರಮ ಅವುಗಳತ್ತ ತಿರುಗಿಯೂ ನೋಡದು. ಆದುದರಿಂದ ಒಬ್ಬನ ಹೆಸರನ್ನು ಇಂದು ನಿಷೇಧದ ಪಟ್ಟಿಗೆ ಸೇರಿಸಿದರೂ ಅವನು ನಿನ್ನೆ ಬರೆದಿಟ್ಟ ಕೆಲಸ ಈ ರಾತ್ರಿಯೂ ನಡೆಯುತ್ತದೆ. ಅಷ್ಟೇ ಅಲ್ಲ, ತಾನೇ ಬರೆದುದನ್ನು ಆ ಆಜ್ಞೆಯಿಂದ ಅಳಿಸುವುದೂ ಅವನಿಗೆ ಸಾಧ್ಯವಾಗದು. ಕಳ್ಳನನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕಿದಂತಾಯಿತು.

ಕ್ರಾನಿಗೆ ಒಂದು ಗುಣವುಂಟು : ಅಲ್ಲಿ ಕೆಲಸ ನಡೆಯುವುದು ಅದನ್ನು ಬರೆದವನ ಹೆಸರಿನಲ್ಲಿ, ಅವನ ಅಧಿಕಾರದ ಮಿತಿಯಲ್ಲಿ. ೨೦೧೪ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆಯಲ್ಲಿ ಹುಟ್ಟಿ ಅನಂತರ ಅಪಾಚೆ ಪ್ರತಿಷ್ಠಾನಕ್ಕೆ ಸೇರಿದ ‘ಏರ್‌ಫ್ಲೋ’ ತಂತ್ರಾಂಶದಲ್ಲಿ ಈ ಗುಣ ಸಡಿಲವಾಗಿದೆ. ಇಂಥವನು ಈ ಕಾರ್ಯಸರಣಿಯನ್ನು ನೋಡಬಹುದು, ಇಂಥವನು ತಿದ್ದಬಹುದು ಎಂದು ಅದು ಸವಿವರವಾಗಿ ಹಂಚಿಕೊಡುತ್ತದೆ, ನಿಜ. ಆದರೆ ಆ ಹಂಚಿಕೆ ತೆರೆಯ ಮೇಲಿನ ವ್ಯವಹಾರಕ್ಕೆ ಸಂಬಂಧಿಸಿದುದು. ಬೇರೆ ಏರ್ಪಾಡು ಮಾಡದಿದ್ದರೆ, ಕೆಲಸ ನಡೆಯುವುದು ಅದನ್ನು ನಡೆಸುವ ಯಂತ್ರಕ್ಕಿರುವ ಅಧಿಕಾರದಿಂದ. ಕಾರ್ಯಸರಣಿಯನ್ನು ಬರೆಯುವವರು ವಿಶ್ವಾಸಾರ್ಹರಾಗಿರಬೇಕೆಂದು ಅದರ ದಸ್ತಾವೇಜೇ ಮರೆಮಾಚದೆ ಹೇಳುತ್ತದೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ದಸ್ತಾವೇಜನ್ನು ಓದುವವರೆಷ್ಟು ಮಂದಿ?

ಇದರಿಂದಾಗುವ ಅಪಾಯವನ್ನು ನಾರ್ಮ್ ಹಾರ್ಡಿಯವರು ೧೯೮೮ರಲ್ಲಿಯೇ ಒಂದು ನಿದರ್ಶನದಿಂದ ತೋರಿಸಿದ್ದರು. ಫೋರ್ಟ್ರಾನ್ ಭಾಷಾಂತರಕ ಕಾರ್ಯಕ್ರಮವೊಂದಕ್ಕೆ ತನ್ನ ಅಂಕಿ ಅಂಶಗಳನ್ನು ಬರೆದಿಡುವ ಸಲುವಾಗಿ ಒಂದು ವಿಶೇಷಾಧಿಕಾರವನ್ನು ಕೊಟ್ಟಿದ್ದರು. ಬಳಕೆದಾರನೊಬ್ಬ ತನ್ನ ಫಲಿತಾಂಶವನ್ನು ಬರೆಯಬೇಕಾದ ಕಡತವೆಂದು ಬಿಲ್ಲುಗಳ ಕಡತದ ಹೆಸರನ್ನೇ ಕೊಟ್ಟ. ಆ ಕಡತವನ್ನು ಮುಟ್ಟುವ ಹಕ್ಕು ಅವನಿಗಿರಲಿಲ್ಲ, ಭಾಷಾಂತರಕಕ್ಕಿತ್ತು, ಬಿಲ್ಲುಗಳು ನಾಶವಾದುವು. ನಮ್ಮ ಓದುಗರು ಇದನ್ನು ಅಂಕಪಟ್ಟಿಗಳಿಗೆ ಅನ್ವಯಿಸಿ ನೋಡಬಹುದು. ಒಂದು ವಿಭಾಗದ ಗುಮಾಸ್ತನಿಗೆ ರಾತ್ರಿಯ ಕೆಲಸವೊಂದನ್ನು ಚಾಲನೆಗೊಳಿಸುವ ಹಕ್ಕಿದೆ, ಆ ಕೆಲಸಕ್ಕೆ ಇಡೀ ವಿಶ್ವವಿದ್ಯಾನಿಲಯದ ಅಂಕಗಳನ್ನು ತಿದ್ದುವ ಅಧಿಕಾರವಿದೆ, ಯಾವ ಅಂಕಗಳೆಂಬುದನ್ನು ಅವನೇ ಸೂಚಿಸುತ್ತಾನೆ ಎಂದು ಭಾವಿಸೋಣ. ಹಾಗಾದರೆ ಆತನಿಗಿರುವ ಅಧಿಕಾರವೆಷ್ಟು?

ಕೆಲಸದ ವೇಳೆಯಲ್ಲಿಯೂ ಒಡೆಯನ ಹಕ್ಕನ್ನು ಪರೀಕ್ಷಿಸಬೇಕೆಂದರೆ, ಅವನು ನಿವೃತ್ತನಾದ ತಿಂಗಳು ಎಲ್ಲರ ಸಂಬಳವೂ ನಿಂತೀತು ಎಂಬ ಪ್ರತಿವಾದವುಂಟು. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಸಂಬಳ ನಿಂತರೆ ಮರುದಿನವೇ ದೂರು ಬರುತ್ತದೆ; ನಿವೃತ್ತನ ಹೆಸರಿನ ಕೆಲಸವೊಂದು ಸದ್ದಿಲ್ಲದೆ ನಡೆಯುತ್ತಿದ್ದರೆ ದೂರುವವರಾರೂ ಇಲ್ಲ. ಸಂಬಳದಂಥ ಕಾರ್ಯಗಳನ್ನು ವ್ಯಕ್ತಿಯ ಬದಲು ಹುದ್ದೆಯ ಹೆಸರಿಗೆ ಬರೆದು, ಆ ಹುದ್ದೆಗೆ ಬೇಕಾದಷ್ಟೇ ಅಧಿಕಾರವನ್ನು ಕೊಟ್ಟು, ಹುದ್ದೆಗೆ ಬಂದ ಹೊಸಬನು ಪಟ್ಟಿಯನ್ನು ಓದಿ ಒಪ್ಪಿದ ಹೊರತು ಅವು ಮುಂದುವರಿಯದಂತೆ ಏರ್ಪಡಿಸುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ.