ಹೊಸ ಡೇಟಾ ಹಾಕಿದ ಮಾತ್ರಕ್ಕೆ ಆವಿಷ್ಕಾರವಾಗುವುದೇ?

ಅಮೆರಿಕದಲ್ಲಿ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2025ರ ಏಪ್ರಿಲ್ 18ರಂದು ಕೊಟ್ಟ ಒಂದು ತೀರ್ಪನ್ನು ಓಪನ್ ಸೋರ್ಸ್ ತಂತ್ರಾಂಶ ಬರೆಯುವವರೆಲ್ಲ ಓದಬೇಕು. ರಿಸೆಂಟಿವ್ ಅನಲಿಟಿಕ್ಸ್ ಎಂಬ ಕಂಪನಿ ಫಾಕ್ಸ್ ಟಿವಿ ಸಂಸ್ಥೆಯ ಮೇಲೆ ಹೂಡಿದ್ದ ದಾವೆ ಅದು. ಎಲ್ಲರಿಗೂ ಗೊತ್ತಿರುವ ಮಷೀನ್ ಲರ್ನಿಂಗ್ ವಿಧಾನವನ್ನು ಹೊಸ ಬಗೆಯ ಡೇಟಾಕ್ಕೆ ಹಚ್ಚಿದ್ದಷ್ಟೇ ಸಾಧನೆಯಾದರೆ ಅದಕ್ಕೆ ಪೇಟೆಂಟ್ ಸಲ್ಲದು ಎಂಬುದು ನ್ಯಾಯಮೂರ್ತಿ ಡೈಕ್ ಬರೆದ ತೀರ್ಪಿನ ತಿರುಳು. ಈ ಪ್ರಶ್ನೆ ಆ ನ್ಯಾಯಾಲಯದ ಮುಂದೆ ಬಂದದ್ದು ಅದೇ ಮೊದಲು. ನನ್ನ ಮಟ್ಟಿಗೆ ತೀರ್ಪು ಮುಟ್ಟಿದ ನಿರ್ಣಯ ಸರಿ. ಆದರೆ ಅದು ಹಿಡಿದ ದಾರಿ ಅರ್ಧದಲ್ಲೇ ನಿಂತಿದೆ.

ರಿಸೆಂಟಿವ್ ಕೈಯಲ್ಲಿ ನಾಲ್ಕು ಪೇಟೆಂಟ್‌ಗಳಿದ್ದವು. ಎರಡು, ನೇರ ಕಾರ್ಯಕ್ರಮಗಳನ್ನು ಯಾವ ದಿನ, ಯಾವ ಊರಲ್ಲಿ ನಡೆಸಿದರೆ ಲಾಭ ಎಂದು ಲೆಕ್ಕ ಹಾಕುವಂಥವು. ಇನ್ನೆರಡು, ಯಾವ ಪಂದ್ಯವನ್ನು ಯಾವ ಊರಿನ ಚಾನೆಲ್‌ನಲ್ಲಿ ಯಾವ ಹೊತ್ತಿಗೆ ತೋರಿಸಬೇಕು ಎಂಬ ಪ್ರಸಾರ ನಕ್ಷೆ ತಯಾರಿಸುವಂಥವು. ಎರಡೂ ಕೆಲಸಗಳನ್ನು ಕಾರ್ಯಕ್ರಮ ಆಯೋಜಕರು ಮತ್ತು ಟಿವಿ ಕಂಪನಿಗಳ ಸಿಬ್ಬಂದಿ ಮೊದಲಿನಿಂದ ಕೈಯಾರೆ ಮಾಡುತ್ತಲೇ ಬಂದಿದ್ದರು. ಅದನ್ನು ಕಂಪ್ಯೂಟರ್ ಮಾದರಿಯೊಂದಕ್ಕೆ ಕಲಿಸಿದ್ದೇವೆ, ಆದ್ದರಿಂದ ಇದು ನಮ್ಮ ಸೊತ್ತು ಎಂದು ರಿಸೆಂಟಿವ್ ವಾದಿಸಿತು.

ಪೇಟೆಂಟಿನ ವಿವರಣೆಯಲ್ಲಿರುವ ಒಂದು ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯಾವ ಮಷೀನ್ ಲರ್ನಿಂಗ್ ವಿಧಾನ ಬಳಸಬೇಕು ಎಂಬ ಪ್ರಶ್ನೆಗೆ ಅಲ್ಲಿರುವ ಉತ್ತರ: ಸೂಕ್ತವಾದ ಯಾವುದಾದರೂ ಆದೀತು. ಉದಾಹರಣೆಗೆಂದು ಗ್ರೇಡಿಯೆಂಟ್ ಬೂಸ್ಟೆಡ್ ರ‍್ಯಾಂಡಮ್ ಫಾರೆಸ್ಟ್, ರಿಗ್ರೆಶನ್, ನ್ಯೂರಲ್ ನೆಟ್‌ವರ್ಕ್, ಡಿಸಿಷನ್ ಟ್ರೀ, ಸಪೋರ್ಟ್ ವೆಕ್ಟರ್ ಮಷೀನ್, ಬೇಸಿಯನ್ ನೆಟ್‌ವರ್ಕ್ ಎಲ್ಲವನ್ನೂ ಹೆಸರಿಸಲಾಗಿದೆ. ಈಗ ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯನ್ನು ತೆರೆದು ನೋಡಿ. 2007ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ನ ಒಂದು ಪ್ರಾಜೆಕ್ಟ್ ಆಗಿ ಶುರುವಾಗಿ, 2010ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರ ಕೈಯಿಂದ ಮೊದಲ ಸಾರ್ವಜನಿಕ ಆವೃತ್ತಿ ಕಂಡ ಈ ಲೈಬ್ರರಿಯಲ್ಲಿ ಬೇಸಿಯನ್ ನೆಟ್‌ವರ್ಕ್ ಒಂದನ್ನು ಬಿಟ್ಟರೆ ಆ ಪಟ್ಟಿಯ ಉಳಿದೆಲ್ಲದರ ಸಾಮಗ್ರಿಯೂ ಇದೆ. ಬಿಎಸ್‌ಡಿ ಪರವಾನಗಿಯಲ್ಲಿ, ಪೂರ್ತಿ ಉಚಿತವಾಗಿ. ‘ಫಿಟ್’ ಎಂದರೆ ಮಾದರಿ ಕಲಿಯುತ್ತದೆ, ‘ಪ್ರೆಡಿಕ್ಟ್’ ಎಂದರೆ ಉತ್ತರ ಕೊಡುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ದಿನನಿತ್ಯ ಬರೆಯುವ ಸಾಲುಗಳಿವು. ಇದೇ ಸಾಮಗ್ರಿಯನ್ನು ಪಟ್ಟಿ ಮಾಡಿ, ಮೇಲೆ ‘ಪ್ರಸಾರ ವೇಳಾಪಟ್ಟಿ’ ಎಂದು ಬರೆದು ಹಕ್ಕು ಕೇಳುವುದು ನ್ಯಾಯವೇ ಎಂಬುದೇ ಮೊಕದ್ದಮೆಯ ಪ್ರಶ್ನೆ.

ಮಷೀನ್ ಲರ್ನಿಂಗ್ ತನ್ನ ಆವಿಷ್ಕಾರವಲ್ಲ ಎಂದು ರಿಸೆಂಟಿವ್ ತಾನೇ ಒಪ್ಪಿಕೊಂಡಿತು. ಆದರೂ ಮೂರು ವಾದ ಮುಂದಿಟ್ಟಿತು. ಹೊಸ ಡೇಟಾ ಬಂದಂತೆಲ್ಲ ನಮ್ಮ ಮಾದರಿ ಮತ್ತೆ ಮತ್ತೆ ಕಲಿಯುತ್ತದೆ ಎಂಬುದು ಮೊದಲನೆಯದು. ಪದೇ ಪದೇ ಕಲಿಯುವುದು ಮಷೀನ್ ಲರ್ನಿಂಗ್‌ನ ಹುಟ್ಟುಗುಣ, ಅದರಲ್ಲಿ ನಿಮ್ಮದೇನೂ ಇಲ್ಲ ಎಂದಿತು ನ್ಯಾಯಾಲಯ. ಈ ಕ್ಷೇತ್ರಕ್ಕೆ ಇದನ್ನು ತಂದವರಲ್ಲಿ ನಾವೇ ಮೊದಲಿಗರು ಎಂಬುದು ಎರಡನೆಯದು. ಕ್ಷೇತ್ರ ಬದಲಾದ ಮಾತ್ರಕ್ಕೆ ಪೇಟೆಂಟಿನ ಅರ್ಹತೆ ಬಾರದು ಎಂದಿತು. ಮನುಷ್ಯರಿಗಿಂತ ಬೇಗ ಮುಗಿಸುತ್ತದೆ ಎಂಬುದು ಮೂರನೆಯದು. ಬರೀ ವೇಗವೂ ಸಾಲದು ಎಂದಿತು. ಊರಿನವರೆಲ್ಲ ಬಳಸುವ ಬೀಸುಕಲ್ಲಿಗೆ ರಾಗಿಯ ಬದಲು ಜೋಳ ಹಾಕಿದವರು ಬೀಸುಕಲ್ಲಿನ ಮೇಲೆ ಹಕ್ಕು ಸಾಧಿಸಲಾಗದು. ಮೂರೂ ಉತ್ತರಗಳ ಒಳಗಿರುವ ತತ್ವ ಇದು, ಮತ್ತು ಇದು ನೇರವಾಗಿದೆ, ಗಟ್ಟಿಯಾಗಿದೆ.

ಓಪನ್ ಸೋರ್ಸ್ ಲೋಕಕ್ಕೆ ಈ ತೀರ್ಪು ಏಕೆ ಮುಖ್ಯ ಎಂಬುದನ್ನು ಅರಿಯಲು 2019ಕ್ಕೆ ಹೋಗಬೇಕು. ಲಿನಕ್ಸ್ ಬಳಕೆದಾರರಿಗೆ ಚಿರಪರಿಚಿತವಾದ ಗ್ನೋಮ್ ಫೌಂಡೇಶನ್ ಮೇಲೆ ಆ ವರ್ಷ ರಾತ್‌ಚೈಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ ದಾವೆ ಹೂಡಿತು. ಶಾಟ್‌ವೆಲ್ ಎಂಬ ಫೋಟೊ ತಂತ್ರಾಂಶ ತನ್ನ ಪೇಟೆಂಟನ್ನು ಉಲ್ಲಂಘಿಸುತ್ತದೆ ಎಂಬುದು ಅದರ ಆರೋಪ. ದಾನಿಗಳ ಹಣದಲ್ಲಿ ನಡೆಯುವ ಸಂಸ್ಥೆ ದಾವೆ ಎದುರಿಸಲು ಮತ್ತೆ ದಾನಿಗಳ ಮುಂದೆಯೇ ಕೈಚಾಚಬೇಕಾಯಿತು. 2020ರ ಮೇನಲ್ಲಿ ರಾಜಿಯಾಯಿತು. ಮಾನ್ಯ ಓಪನ್ ಸೋರ್ಸ್ ಪರವಾನಗಿಯಿರುವ ಯಾವ ತಂತ್ರಾಂಶದ ಮೇಲೂ ತನ್ನ ಪೇಟೆಂಟ್‌ಗಳನ್ನು ಎತ್ತುವುದಿಲ್ಲ ಎಂದು ಆ ಕಂಪನಿ ಒಪ್ಪಿತು. ಫಲ ಒಳ್ಳೆಯದೇ. ಆದರೆ ಸಂಬಳವಿಲ್ಲದೆ ಕೋಡ್ ಬರೆಯುವವರ ಪಾಲಿಗೆ ಗೆಲುವಿಗಿಂತ ಮೊದಲು ಎದುರಾಗುವುದು ಖರ್ಚು ಮತ್ತು ಕಾಲ.

ರಿಸೆಂಟಿವ್ ತೀರ್ಪಿನ ದೊಡ್ಡ ಗುಣ ಇಲ್ಲೇ ಇದೆ. ಅದು ಅಮೆರಿಕದ ಪೇಟೆಂಟ್ ಕಾಯ್ದೆಯ ಸೆಕ್ಷನ್ 101ರ ಮೇಲೆ, ಅಂದರೆ ಈ ವಸ್ತು ಪೇಟೆಂಟಿಗೆ ಅರ್ಹವೇ ಎಂಬ ಮೊದಲ ಪ್ರಶ್ನೆಯ ಮೇಲೆ ನಿಂತಿದೆ. ಅಮೂರ್ತ ಕಲ್ಪನೆಯನ್ನು ಕಂಪ್ಯೂಟರಿನಲ್ಲಿ ಜಾರಿ ಮಾಡಿದ ಮಾತ್ರಕ್ಕೆ ಪೇಟೆಂಟ್ ಸಲ್ಲದು ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 2014ರ ಆಲಿಸ್ ತೀರ್ಪಿನ ನಂತರ ಈ ಪ್ರಶ್ನೆಯನ್ನು ದಾವೆಯ ಆರಂಭದಲ್ಲೇ ಎತ್ತಬಹುದು. ಫಾಕ್ಸ್ ಗೆದ್ದದ್ದೂ ಹಾಗೆಯೇ. ಸಾಕ್ಷ್ಯ, ತಜ್ಞರ ಹೇಳಿಕೆ, ವರ್ಷಗಟ್ಟಲೆಯ ವಿಚಾರಣೆ ಯಾವುದೂ ಬೇಕಾಗಲಿಲ್ಲ. ಸಣ್ಣ ಪ್ರಾಜೆಕ್ಟ್‌ಗಳ ಕೈಗೆ ಎಟಕುವ ರಕ್ಷಣೆಯೆಂದರೆ ಇದೇ.

ಇನ್ನು ಕೊರತೆಗಳು. ಮೊದಲನೆಯದು, ‘ಗೊತ್ತಿರುವ ವಿಧಾನವನ್ನು ಹಚ್ಚಿದ್ದಷ್ಟೇ’ ಎಂಬ ಮಾತಿನ ಗಡಿಯನ್ನು ತೀರ್ಪು ಎಲ್ಲೂ ಗುರುತಿಸುವುದಿಲ್ಲ. ಮಷೀನ್ ಲರ್ನಿಂಗ್ ಕೆಲಸ ಮಾಡಿದವರಿಗೆ ಗೊತ್ತು, ನಿಜವಾದ ಶ್ರಮ ಬೀಳುವುದು ಹಲವು ಸಲ ಡೇಟಾದ ಮೇಲೆ. ಯಾವುದನ್ನು ಅಳೆಯಬೇಕು, ಹೇಗೆ ಹಸನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನಗಳಲ್ಲೇ ಜಾಣ್ಮೆ ಇರುತ್ತದೆ. ಆ ಬಗೆಯ ಜಾಣ್ಮೆ ಗಡಿಯ ಯಾವ ಬದಿಗೆ ನಿಲ್ಲುತ್ತದೆ ಎಂಬುದಕ್ಕೆ ತೀರ್ಪಿನಲ್ಲಿ ಉತ್ತರವಿಲ್ಲ.

ಎರಡನೆಯದು ಇನ್ನೂ ಗಂಭೀರ. ಸಾಧನವನ್ನು ಬಳಸಿದವರಿಗೆ ಪೇಟೆಂಟ್ ಇಲ್ಲ ಎಂದರೆ, ಸಾಧನವನ್ನೇ ಸುಧಾರಿಸಿದವರಿಗೆ ಉಂಟು ಎಂದಾಯಿತು. ಅದೇ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯ ಮೇಲ್ಮನವಿ ಸಮಿತಿ ಡೀಪ್‌ಮೈಂಡ್‌ನ ಡೆಸ್ಜಾರ್ಡಿನ್ಸ್ ಅರ್ಜಿಯಲ್ಲಿ ಹೇಳಿದ್ದೂ ಇದನ್ನೇ. ಹೊಸ ಕೆಲಸ ಕಲಿಯುವಾಗ ಹಳೆಯದನ್ನು ಮರೆಯದಂತೆ ಮಾದರಿಗೆ ತರಬೇತಿ ಕೊಡುವ ವಿಧಾನವನ್ನು ಸೆಕ್ಷನ್ 101ರಡಿ ತಳ್ಳಿಹಾಕುವಂತಿಲ್ಲ ಎಂದು ಅದು ತೀರ್ಮಾನಿಸಿತು. ತರ್ಕ ಸರಿಯೇ. ಆದರೆ ಪ್ರಸಾರ ವೇಳಾಪಟ್ಟಿಯ ಪೇಟೆಂಟ್ ತಟ್ಟುವುದು ಕೆಲವೇ ಟಿವಿ ಕಂಪನಿಗಳಿಗೆ. ತರಬೇತಿ ವಿಧಾನದ ಪೇಟೆಂಟ್ ತಟ್ಟುವುದು ಮಾದರಿ ಕಟ್ಟುವ ಎಲ್ಲರಿಗೂ. ನ್ಯೂರಲ್ ನೆಟ್‌ವರ್ಕ್ ಓದುವವರೆಲ್ಲ ಕಲಿಯುವ ‘ಡ್ರಾಪ್‌ಔಟ್’ ತಂತ್ರದ ಮೇಲೆ 2016ರಿಂದ ಗೂಗಲ್‌ನ ಪೇಟೆಂಟ್ ಇದೆ. ಆದರೆ ಗೂಗಲ್ 2015ರಲ್ಲಿ ತನ್ನ ಮಷೀನ್ ಲರ್ನಿಂಗ್ ಲೈಬ್ರರಿ ಟೆನ್ಸರ್‌ಫ್ಲೋವನ್ನು ಅಪಾಚೆ 2.0 ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಕೋಡ್ ಕೊಟ್ಟವರು ಆ ಕೋಡಿಗೆ ಸಂಬಂಧಿಸಿದ ತಮ್ಮ ಪೇಟೆಂಟ್ ಬಳಕೆಯ ಅನುಮತಿಯನ್ನೂ ಕೊಟ್ಟಂತೆ, ಆ ತಂತ್ರಾಂಶದ ಮೇಲೆ ಪೇಟೆಂಟ್ ದಾವೆ ಹೂಡಿದವರು ಆ ಅನುಮತಿಯನ್ನು ಕಳೆದುಕೊಂಡಂತೆ ಎಂಬ ಷರತ್ತು ಆ ಪರವಾನಗಿಯಲ್ಲಿದೆ. ಅಂಥದೇ ಲೈಬ್ರರಿಯಾದ ಪೈಟಾರ್ಚ್‌ಗೆ ಇರುವಂಥ ಬಿಎಸ್‌ಡಿ ಮಾದರಿಯ ಪರವಾನಗಿಯಲ್ಲಿ ಪೇಟೆಂಟ್ ಬಗ್ಗೆ ಸ್ಪಷ್ಟವಾದ ಮಾತೇ ಇಲ್ಲ. ಬುಡಕ್ಕೇ ಸಂಬಂಧಿಸಿದ ಪೇಟೆಂಟ್‌ಗಳಿಂದ ನಮ್ಮನ್ನು ಕಾಯುತ್ತಿರುವುದು ತೀರ್ಪಲ್ಲ, ಪರವಾನಗಿ. ಲೈಬ್ರರಿ ಆರಿಸುವಾಗ ಇದನ್ನು ಗಮನಿಸಲೇಬೇಕು.

ಹಾಗಿದ್ದರೆ ನ್ಯಾಯವಾದ ಅಳತೆಗೋಲು ಯಾವುದು? ಪೇಟೆಂಟ್ ಎಂದರೆ ಒಂದು ಕೊಡುಕೊಳ್ಳುವಿಕೆ. ಸಂಶೋಧಕರು ತಮ್ಮ ಗುಟ್ಟನ್ನು ಜನರ ಮುಂದೆ ಬಿಚ್ಚಿಡಬೇಕು, ಸಮಾಜ ಅವರಿಗೆ ಸುಮಾರು 20 ವರ್ಷಗಳ ಏಕಸ್ವಾಮ್ಯ ಕೊಡಬೇಕು. ‘ಸೂಕ್ತವಾದ ಯಾವುದಾದರೂ ವಿಧಾನ’ ಎಂದು ಬರೆದವರು ಏನನ್ನು ಬಿಚ್ಚಿಟ್ಟರು? ಸುಧಾರಣೆ ಹೇಗೆ ಆಯಿತೆಂಬ ಹೆಜ್ಜೆಗಳೇ ಇಲ್ಲಿಲ್ಲ ಎಂದು ನ್ಯಾಯಾಲಯ ಗುರುತಿಸಿತು. ಆದರೆ ಆ ದೋಷವನ್ನು ‘ಅಮೂರ್ತ ಕಲ್ಪನೆ’ ಎಂಬ ಖಾತೆಗೆ ಸೇರಿಸಿ ಸುಮ್ಮನಾಯಿತು. ಅತ್ತ ಸೈಕಿಟ್-ಲರ್ನ್ ಬರೆದವರು ಪ್ರತಿ ಸಾಲನ್ನೂ, ಪ್ರತಿ ಬದಲಾವಣೆಯನ್ನೂ, ಅದರ ಕಾರಣವನ್ನೂ ಏಕಸ್ವಾಮ್ಯ ಕೇಳದೆ ಜನರ ಮುಂದಿಟ್ಟಿದ್ದಾರೆ. ಏಕಸ್ವಾಮ್ಯ ಕೇಳುವವರು ಇಷ್ಟನ್ನಾದರೂ ಕೊಡಲಿ ಎನ್ನುವುದು ಅತಿ ಬೇಡಿಕೆಯಲ್ಲ.

ನಮ್ಮ ದೇಶದ ಕಾನೂನಿಗೆ ಈ ಪ್ರಶ್ನೆ ಹೊಸದಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಗಣಿತ ವಿಧಾನ, ವ್ಯಾಪಾರ ವಿಧಾನ, ಅಲ್ಗಾರಿದಮ್ ಮತ್ತು ಬರೀ ಕಂಪ್ಯೂಟರ್ ಪ್ರೋಗ್ರಾಮನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. 2004ರ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ನೋಡಿತು, 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿ ಹೊಸ ಹಾರ್ಡ್‌ವೇರ್ ಇರಲೇಬೇಕೆಂದಿತು, 2017ರಲ್ಲಿ ಆ ಷರತ್ತು ಹೋಯಿತು. 2019ರ ಫರೀದ್ ಅಲ್ಲಾನಿ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ‘ತಾಂತ್ರಿಕ ಪರಿಣಾಮ’ ಇದ್ದರೆ ಬಾಗಿಲು ತೆರೆದಿದೆ ಎಂದಿತು. ಅಲ್ಲಿಗೆ ನಾವೂ ಅಮೆರಿಕ ನಿಂತ ಜಾಗಕ್ಕೇ ಬಂದು ನಿಂತೆವು.

ಆದರೆ ನಮ್ಮ ಕೈಯಲ್ಲಿ ಎರಡು ಒಳ್ಳೆಯ ಉಪಕರಣಗಳಿವೆ. ಸೆಕ್ಷನ್ 10(4) ಅರ್ಜಿದಾರರು ತಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೇ ಬರೆದು ಕೊಡಬೇಕೆನ್ನುತ್ತದೆ. ಸೆಕ್ಷನ್ 25(1) ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಸಿಗುವ ಮೊದಲು, ಯಾರು ಬೇಕಾದರೂ ಆಕ್ಷೇಪಿಸಬಹುದು ಎನ್ನುತ್ತದೆ. ಹಳೆಯ ಕೋಡಿನ ದಿನಾಂಕಸಹಿತ ಇತಿಹಾಸ ಓಪನ್ ಸೋರ್ಸ್‌ನವರ ಬಳಿ ಇರುವುದರಿಂದ ಈ ಹಕ್ಕು ಅವರಿಗಾಗಿಯೇ ಬರೆದಂತಿದೆ. 2024ರ ಮಾರ್ಚ್‌ನಲ್ಲಿ ತಿದ್ದಿದ ನಿಯಮಗಳು ಮೊದಲು ಉಚಿತವಾಗಿದ್ದ ಈ ಆಕ್ಷೇಪಣೆಗೆ ಶುಲ್ಕ ಹೇರಿ, ಅದು ವಿಚಾರಣೆಗೆ ಯೋಗ್ಯವೇ ಎಂದು ಮೊದಲೇ ಪರಿಶೀಲಿಸುವ ಅಧಿಕಾರವನ್ನೂ ಪೇಟೆಂಟ್ ಕಂಟ್ರೋಲರ್‌ಗೆ ಕೊಟ್ಟವು. ಸಾರ್ವಜನಿಕರ ಪರವಾಗಿ ದುಡಿಯುವವರ ಮೇಲೆ ಹೊರೆ ಹೊರಿಸಿದ ಈ ಹೆಜ್ಜೆ ತಪ್ಪು. ಲಾಭರಹಿತ ಸಂಸ್ಥೆಗಳಿಗೂ ಒಬ್ಬೊಬ್ಬರೇ ಬರುವ ತಂತ್ರಜ್ಞರಿಗೂ ಶುಲ್ಕ ಮನ್ನಾ ಆಗಬೇಕು.

ರಿಸೆಂಟಿವ್ ತೀರ್ಪನ್ನು ಹಾಗೆಯೇ ಎತ್ತಿ ಇಲ್ಲಿ ತಂದಿಡುವುದರಿಂದ ಕೆಲಸವಾಗದು. ದಾವೆ ಬಿದ್ದ ಮೇಲೆ ಬೇಗ ಬಿಡುಗಡೆ ಸಿಗಲು ಅಂಥ ತೀರ್ಪು ಬೇಕು. ದಾವೆಗೆ ದಾರಿಯೇ ಆಗದಿರಲು ಪೇಟೆಂಟ್ ಕಚೇರಿಯ ಪರೀಕ್ಷಕರು ಕಟ್ಟುನಿಟ್ಟಾಗಬೇಕು. ಎಐ ಅರ್ಜಿ ಬಂದಾಗ ಯಾವ ಡೇಟಾ, ಯಾವ ವಿಧಾನ, ಯಾವ ಹೆಜ್ಜೆಗಳು ಎಂದು ಕೇಳಬೇಕು. ಅದನ್ನು ಓದಿದ ನುರಿತ ಇಂಜಿನಿಯರ್ ಆ ಕೆಲಸವನ್ನು ತಾನೂ ಮಾಡಿ ತೋರಿಸಬಲ್ಲರೇ ಎಂದು ನೋಡಬೇಕು. ಆಗದಿದ್ದರೆ ಅರ್ಜಿ ವಾಪಸ್ ಹೋಗಬೇಕು.