ಒಂದೇ ಪಾಣಬುಡಿ, ಎರಡು ಕಥೆ

ಉಮರ್ಗಾದಿಂದ ಸಮುದ್ರ ಬಲು ದೂರ. ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿರುವ ನಮ್ಮೂರಿನವರಿಗೆ ತುಂಬಿದ ಕೆರೆಯೇ ದೊಡ್ಡ ನೀರು. ಹೀಗಿದ್ದೂ ಜಲಾಂತರ್ಗಾಮಿ ಯುದ್ಧದ ಚರಿತ್ರೆಯನ್ನು ನಾನೇಕೆ ಓದುತ್ತೇನೆಂದು ಮನೆಯಲ್ಲಿ ಕೇಳುವುದುಂಟು. ಆಬಿದ್ ಹಸನ್ ಎಂಬ ಹೆಸರೇ ಅದಕ್ಕೆ ಕಾರಣ.

ಸುಗತ ಬೋಸ್ ಅವರು 2011ರಲ್ಲಿ ಪ್ರಕಟಿಸಿದ ಸುಭಾಷರ ಜೀವನ ಚರಿತ್ರೆ 'ಹಿಸ್ ಮೆಜೆಸ್ಟೀಸ್ ಅಪೊನೆಂಟ್'ನಲ್ಲಿ ಈ ಹಸನ್ ಬರುತ್ತಾರೆ. 1943ರ ಫೆಬ್ರವರಿ 9ರಂದು ಜರ್ಮನಿಯ ಕೀಲ್ ಬಂದರಿನಿಂದ ಯು-180 ಹೊರಟಾಗ ಸುಭಾಷರ ಜೊತೆಗಿದ್ದ ಏಕೈಕ ಭಾರತೀಯ ಅವರು. ಹುಟ್ಟಿದ್ದು ಹೈದರಾಬಾದಿನಲ್ಲಿ. ಆಗ ಉಮರ್ಗಾ, ನಿಲಂಗಾ, ಉದ್ಗೀರ್ ಎಲ್ಲವೂ ನಿಜಾಮರ ಸಂಸ್ಥಾನದಲ್ಲೇ ಇದ್ದವು. ಅಂದರೆ ಹಸನ್ ನಮ್ಮ ಸಂಸ್ಥಾನದವರು. ಏಪ್ರಿಲ್ 28ರಂದು ಮಡಗಾಸ್ಕರ್ ಬಳಿಯ ಉಬ್ಬರದ ಕಡಲಿನಲ್ಲಿ ಇಬ್ಬರೂ ರಬ್ಬರ್ ತೆಪ್ಪವೇರಿ ಜಪಾನಿನ ಐ-29ಕ್ಕೆ ದಾಟಿದರು. ಮೇ ತಿಂಗಳಲ್ಲಿ ಸುಮಾತ್ರದ ಸಬಾಂಗ್ ತಲುಪಿದರು.

ಈ ಭಾಗಕ್ಕೆ ಜೀವ ಬಂದಿರುವುದು ಹಸನರ ನೆನಪುಗಳಿಂದ. ಇಕ್ಕಟ್ಟು, ಎಲ್ಲದಕ್ಕೂ ಹತ್ತಿದ ಡೀಸೆಲ್ ವಾಸನೆ, ಅದರ ನಡುವೆಯೂ ನಿಲ್ಲದ ನಾಯಕನ ಬರವಣಿಗೆ. ವೀರಕಥೆಯನ್ನು ಊಟ-ನಿದ್ದೆಯ ಮಟ್ಟಕ್ಕೆ ಇಳಿಸಿದಾಗ ಅದು ಇನ್ನಷ್ಟು ನಂಬಿಕೆಗೆ ಅರ್ಹವಾಗುತ್ತದೆ. ಬರಿಯ ಜಯಕಾರದಿಂದ ಆ ಕೆಲಸ ಆಗದು.

ಆದರೆ ಇದೇ ಐ-29ಕ್ಕೆ ಇನ್ನೊಂದು ಕಥೆಯಿದೆ. ಐದು ತಿಂಗಳ ಹಿಂದೆ, 1942ರ ನವೆಂಬರ್ 23ರಂದು, ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ 'ತಿಲಾವಾ' ಹಡಗನ್ನು ಅದು ಅರಬ್ಬೀ ಸಮುದ್ರದಲ್ಲಿ ಮುಳುಗಿಸಿತ್ತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ಗುಜರಾತಿನ ಕುಟುಂಬದವರು. ಒಂದೇ ಹೊಟ್ಟೆಯಲ್ಲಿ ನಮ್ಮ ನಾಯಕನನ್ನು ಹೊತ್ತು ತಂದದ್ದೂ, ನಮ್ಮ ಜನರನ್ನು ಕೊಂದದ್ದೂ ಅದೇ.

ಕಡಲ ಯುದ್ಧದ ಚರಿತ್ರೆಗಳು ಮುಳುಗಿದ ಹಡಗನ್ನು ಟನ್ನುಗಳಲ್ಲಿ ಎಣಿಸುತ್ತವೆ. ತಿಲಾವಾದಲ್ಲಿ 2,364 ಬೆಳ್ಳಿಯ ಗಟ್ಟಿಗಳಿದ್ದವು. 2017ರಲ್ಲಿ ಅವನ್ನು ಕಡಲ ತಳದಿಂದ ಎತ್ತಲಾಯಿತು. ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸತ್ತವರಿಗಾಗಿ ಮುಂಬಯಿಯಲ್ಲಿ ಮೊದಲ ಸ್ಮರಣೆ ಸಭೆ ಸೇರಲು 2022ರವರೆಗೆ, ಎಂಬತ್ತು ವರ್ಷ, ಕಾಯಬೇಕಾಯಿತು. ಬೆಳ್ಳಿಗೆ ಲೆಕ್ಕವಿಟ್ಟವರು ಮನುಷ್ಯರಿಗೆ ಇಡಲಿಲ್ಲ ಎಂಬುದೇ ಈ ಬಗೆಯ ಚರಿತ್ರೆಯ ಮೇಲೆ ನನ್ನ ತಕರಾರು.

ತಕರಾರು ನನ್ನ ಮೇಲೂ ಇದೆ. ಮಗಳಿಗೆ ನಾನು ತೆಪ್ಪದ ಕಥೆಯನ್ನು ಎಷ್ಟೋ ಸಲ ಹೇಳಿದ್ದೆ. ತಿಲಾವಾದ ಕಥೆಯನ್ನು ಹೇಳಿದ್ದು ಕಳೆದ ವರ್ಷ. ಮರಾಠಿ ಶಾಲೆಯಲ್ಲಿ ಓದುವ ಅವಳು ಕೇಳಿದಳು: "ಹಂಗಾದ್ರ ಆ ಪಾಣಬುಡಿ ಛಲೋದೋ ಕೆಟ್ಟದ್ದೋ, ಅಪ್ಪಾ?" ನನ್ನಲ್ಲಿ ಉತ್ತರವಿರಲಿಲ್ಲ. 1944ರ ಜುಲೈ 26ರಂದು ಅಮೆರಿಕದ ಜಲಾಂತರ್ಗಾಮಿಯೊಂದು ಐ-29ನ್ನೇ ಮುಳುಗಿಸಿತು, ಅದರೊಳಗಿದ್ದವರು ಹೆಚ್ಚುಕಡಿಮೆ ಎಲ್ಲರೂ ಸತ್ತರು ಎಂದಷ್ಟೇ ಹೇಳಿದೆ.

ಅವಳಿಗೆ ಪಾಣಬುಡಿ, ನನಗೆ ಜಲಾಂತರ್ಗಾಮಿ. ಈ ಸಂಚಿಕೆಯ ಮಲಯಾಳಂ ಓದುಗರಿಗೆ ಅಂತರ್ವಾಹಿನಿ. ಕನ್ನಡದಲ್ಲಿ ಅಂತರ್ವಾಹಿನಿಯೆಂದರೆ ಕಾಣದಂತೆ ಒಳಗೇ ಹರಿಯುವ ನದಿ. ಗಡಿಯೂರಿನಲ್ಲಿ ನಮ್ಮ ಭಾಷೆ ಮನೆಯೊಳಗೆ ಹಾಗೇ ಹರಿಯುತ್ತಿದೆ. ದೊಡ್ಡ ಚರಿತ್ರೆಯ ಲೆಕ್ಕದಿಂದ ಬಿಟ್ಟುಹೋದವರ ಸಂಕಟ ನಮಗೆ ಬೇಗ ತಿಳಿಯಬೇಕು. ಸುಭಾಷರ ಪ್ರಯಾಣವನ್ನು ಮಕ್ಕಳಿಗೆ ಹೇಳುವ ಮನೆಗಳಲ್ಲಿ, ಅದೇ ಸಂಜೆ, ತಿಲಾವಾದ ಹೆಸರನ್ನೂ ಹೇಳೋಣ.