ಪೊರಕೆ, ಧ್ವಜ, ಎಲಾ ವಾಟ್ಸನ್

ಆ ಚಿತ್ರವನ್ನು ನಾನು ಮೊದಲು ನೋಡಿದ್ದು ಕಾಲೇಜು ಲೈಬ್ರರಿಯ ಪುಸ್ತಕವೊಂದರಲ್ಲಿ. ಚುಕ್ಕಿ ಚುಕ್ಕಿಯ ಉಡುಪು ತೊಟ್ಟು ಕನ್ನಡಕ ಹಾಕಿದ ಒಬ್ಬ ಕಪ್ಪು ಹೆಂಗಸು. ಕೈಯಲ್ಲಿ ಪೊರಕೆ, ಪಕ್ಕದಲ್ಲಿ ನೆಲ ಒರೆಸುವ ಕೋಲು, ಬೆನ್ನ ಹಿಂದೆ ಇಳಿಬಿಟ್ಟ ಅಮೆರಿಕದ ಧ್ವಜ. ಅರ್ಥವಾಯಿತು ಅನ್ನಿಸಿ ಪುಟ ಮಗುಚಿದೆ. ಎಷ್ಟೋ ವರ್ಷ ಕಳೆದ ಮೇಲೆ ಹೊಳೆಯಿತು: ಪೊರಕೆ ನೋಡಿದ್ದೆ, ಧ್ವಜ ನೋಡಿದ್ದೆ, ನಡುವೆ ನಿಂತ ಹೆಂಗಸನ್ನು ನೋಡಿರಲೇ ಇಲ್ಲ.

ಡಾಕ್ಯುಮೆಂಟರಿ ಛಾಯಾಗ್ರಹಣ ನೋಡಲು ಹೊರಟ ಹೊಸಬರು ಮೊದಲು ಎಡವುವುದು ಇಲ್ಲೇ. ಬಡವರ, ತುಳಿತಕ್ಕೊಳಗಾದವರ ಚಿತ್ರ ಕಂಡ ಕೂಡಲೇ ಬಾಯಿಗೆ ‘ಅಯ್ಯೋ ಪಾಪ’ ಬರುತ್ತದೆ. ಹಾಗೆಂದ ಮೇಲೆ ಮತ್ತೆ ನೋಡುವ ಅಗತ್ಯ ಕಾಣುವುದಿಲ್ಲ. ಆದ್ದರಿಂದ ಆ ಮಾತನ್ನು ಸ್ವಲ್ಪ ತಡೆಹಿಡಿದು, ಚಿತ್ರದಲ್ಲಿರುವವರು ಯಾರು, ಅಲ್ಲಿಗೆ ಹೇಗೆ ಬಂದರು ಎಂದು ಕೇಳಿಕೊಳ್ಳಿ.

ಆ ಚಿತ್ರ ತೆಗೆದವರು ಗಾರ್ಡನ್ ಪಾರ್ಕ್ಸ್. 1912ರಲ್ಲಿ ಕ್ಯಾನ್ಸಸ್‌ನ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿ, ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿ ದುಡಿದು, ಗಿರವಿ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಲ್ಲಿ ಕೈ ಪಳಗಿಸಿಕೊಂಡವರು. 1942ರಲ್ಲಿ ಫೆಲೋಶಿಪ್ ಸಿಕ್ಕಿ ವಾಷಿಂಗ್ಟನ್‌ಗೆ ಬಂದರು. ಸೇರಿದ್ದು ರೈತರ ಬವಣೆಯನ್ನು ದಾಖಲಿಸುತ್ತಿದ್ದ ಸರ್ಕಾರಿ ಛಾಯಾಗ್ರಹಣ ವಿಭಾಗ. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್, ಮೊದಲು ಕ್ಯಾಮೆರಾ ಇಲ್ಲಿಟ್ಟು ಊರು ನೋಡಿ ಬಾ ಎಂದು ಕಳಿಸಿದರು. ಹೋಟೆಲು, ಸಿನಿಮಾ ಮಂದಿರ, ಬಟ್ಟೆ ಅಂಗಡಿ, ಎಲ್ಲಿಯೂ ಕಪ್ಪು ಮನುಷ್ಯನಿಗೆ ಪ್ರವೇಶವಿಲ್ಲ. ಕುದಿಯುತ್ತ ಮರಳಿದ ಪಾರ್ಕ್ಸ್‌ಗೆ ಸ್ಟ್ರೈಕರ್, ಅದೇ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್ ಅವರನ್ನು ಮಾತಾಡಿಸಲು ಹೇಳಿದರು. ಆಕೆ ತಮ್ಮ ಕಥೆ ಹೇಳಿದರು: ತಂದೆಯನ್ನು ಬಿಳಿಯರ ಗುಂಪೊಂದು ಕೊಂದಿತ್ತು, ಗಂಡ ಗುಂಡೇಟಿಗೆ ಬಲಿಯಾಗಿದ್ದ. ವರ್ಷಕ್ಕೆ 1,080 ಡಾಲರ್ ಸಂಬಳದಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿದ್ದರು.

ಧ್ವಜದ ಮುಂದಿನ ಚಿತ್ರ ಹುಟ್ಟಿದ್ದು ಆ ಮೊದಲ ಭೇಟಿಯ ಕೋಪದಲ್ಲಿ. ಗ್ರಾಂಟ್ ವುಡ್ 1930ರಲ್ಲಿ ಬರೆದ ರೈತನ ಪ್ರಸಿದ್ಧ ವರ್ಣಚಿತ್ರವನ್ನು ನೆನೆದು ಪಾರ್ಕ್ಸ್ ಆಕೆಯನ್ನು ಹಾಗೆ ನಿಲ್ಲಿಸಿದರು. ಚಿತ್ರಕ್ಕೂ ಅದೇ ಹೆಸರು, ‘ಅಮೆರಿಕನ್ ಗಾಥಿಕ್’. ಭಂಗಿ ಛಾಯಾಗ್ರಾಹಕನದು, ಸಿಟ್ಟು ಅವನದು. ಇದನ್ನು ತಿಳಿದು ನೋಡಿದರೆ ಚಿತ್ರದ ಬೆಲೆ ತಗ್ಗುವುದಿಲ್ಲ, ಆದರೆ ಇಷ್ಟಕ್ಕೇ ನಿಲ್ಲಬಾರದು ಅನ್ನಿಸುತ್ತದೆ. ಸ್ಟ್ರೈಕರ್‌ಗೂ ಹಾಗೇ ಅನ್ನಿಸಿ, ಆಕೆಯ ಜೊತೆ ಕೆಲಸ ಮುಂದುವರಿಸಲು ಹೇಳಿದರು. ಪಾರ್ಕ್ಸ್ ವಾರಗಟ್ಟಲೆ ಆಕೆಯ ಮನೆಗೆ, ಚರ್ಚಿಗೆ, ಕಿರಾಣಿ ಅಂಗಡಿಗೆ ಜೊತೆಯಾಗಿ ಹೋದರು.

ಆ ಸರಣಿಯ ಒಂದು ಚಿತ್ರವನ್ನು ಹತ್ತು ನಿಮಿಷವಾದರೂ ನೋಡಬೇಕು. ಬಾಗಿಲ ಚೌಕಟ್ಟಿನ ಆಚೆ ಅಡುಗೆಮನೆಯಲ್ಲಿ ವಾಟ್ಸನ್, ಸುತ್ತ ಪುಟ್ಟ ಮೊಮ್ಮಕ್ಕಳು. ಈಚೆ ಕನ್ನಡಿಯಲ್ಲಿ ದತ್ತುಮಗಳ ಪ್ರತಿಬಿಂಬ. ಹತ್ತಿರದಲ್ಲೇ ಕಟ್ಟು ಹಾಕಿಸಿದ ಹಳೆಯ ದಂಪತಿಯ ಫೋಟೊ. ಒಂದು ಇಕ್ಕಟ್ಟಾದ ಮನೆಯೊಳಗೆ ತಲೆಮಾರುಗಳೇ ಬಂದು ಸೇರಿವೆ. ಇಲ್ಲಿ ಧ್ವಜವಿಲ್ಲ, ಪೊರಕೆಯಿಲ್ಲ. ಯಾರೂ ಕ್ಯಾಮೆರಾಕ್ಕೆ ಹೆದರಿ ಸೆಟೆದು ಕೂತಿಲ್ಲ. ನನ್ನ ಮಟ್ಟಿಗೆ ಧ್ವಜದ ಚಿತ್ರಕ್ಕಿಂತ ಇದೇ ದೊಡ್ಡದು.

ಅದೇ ಸರ್ಕಾರಿ ಯೋಜನೆಗೆ ದುಡಿದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ‘ಮೈಗ್ರಂಟ್ ಮದರ್’ ಇದಕ್ಕಿಂತ ಹೆಸರುವಾಸಿ. ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಕೆಲವೇ ನಿಮಿಷ ನಿಂತು ತೆಗೆದದ್ದು, ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಚಿತ್ರ ಅದ್ಭುತ, ಒಪ್ಪುತ್ತೇನೆ. ಆದರೂ ಆ ನಲವತ್ತೆರಡು ವರ್ಷ ನನ್ನನ್ನು ಚುಚ್ಚುತ್ತದೆ.

ಪಾರ್ಕ್ಸ್ 1956ರಲ್ಲಿ ‘ಲೈಫ್’ ಪತ್ರಿಕೆಗಾಗಿ ಅಲಬಾಮಾದಲ್ಲಿ ತೆಗೆದ ಬಣ್ಣದ ಚಿತ್ರಗಳಲ್ಲಿ ಒಂದು: ಅಂದವಾಗಿ ಉಡುಪು ತೊಟ್ಟ ಕಪ್ಪು ಯುವತಿ, ಜೊತೆಗೊಬ್ಬಳು ಪುಟ್ಟ ಹುಡುಗಿ. ತಲೆಯ ಮೇಲೆ ಕರಿಯರ ಬಾಗಿಲು ಇದು ಎನ್ನುವ ನಿಯಾನ್ ಫಲಕ. ನಮ್ಮ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಟ್ಟದ್ದನ್ನು ಕಂಡವರಿಗೆ ಈ ಬಾಗಿಲನ್ನು ವಿವರಿಸಬೇಕಿಲ್ಲ. ಫಲಕ ಓದಿ ಮುಗಿಸಬೇಡಿ, ಯುವತಿಯ ಭುಜ ನೋಡಿ. ಒಳ ಉಡುಪಿನ ಪಟ್ಟಿ ಜಾರಿ ಹೊರಗೆ ಇಣುಕಿದೆ. ಅಷ್ಟು ಮುತುವರ್ಜಿಯಿಂದ ಸಿದ್ಧವಾಗಿ ಬಂದವರಿಗೂ ಆಗುವ ಇಂಥ ಸಣ್ಣ ಎಡವಟ್ಟು ಯಾರಿಗೆ ಆಗಿಲ್ಲ? ಆ ಪಟ್ಟಿ ಕಂಡ ಮೇಲೆ ಆಕೆ ನನಗೆ ನಮ್ಮನೆಯ ಅಕ್ಕನಂತೆ ಕಂಡಳು.

ವಾಟ್ಸನ್ ಸರಣಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿದೆ. ಬಿಡುವು ಮಾಡಿಕೊಂಡು ದೊಡ್ಡ ಪರದೆಯಲ್ಲಿ ನೋಡಿ. ಮೊದಲು ಅಡುಗೆಮನೆ, ಮೊಮ್ಮಕ್ಕಳು, ಚರ್ಚು, ರಾತ್ರಿ ಗುಡಿಸುವ ಕಚೇರಿ ನೋಡಿಕೊಳ್ಳಿ. ಧ್ವಜದ ಮುಂದೆ ನಿಂತ ವಾಟ್ಸನ್ ಅವರ ಬಳಿಗೆ ಕೊನೆಯಲ್ಲಿ ಬನ್ನಿ.